ಕೆಂಪು ದಾರದ ಪರದೆ

ಆ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಎಂಟು ಹಸಿರು ಪರದೆಗಳನ್ನು ಹೊಲಿದುಕೊಟ್ಟವಳು ಅವಳೇ. ಏಳು ತಿಂಗಳ ಹೊಟ್ಟೆ ಮೆಷಿನ್ನಿಗೆ ತಾಗುತ್ತಿದ್ದರೂ ಓರೆಯಾಗಿ ಕೂತು ಮುಗಿಸಿದ್ದಳು. ಯಾರ ಕೈಕೆಲಸವೆಂದು ಗುರುತಿರಲಿ ಅಂತ ಅವಳು ಕೆಲಸ ಮಾಡುವ ಅಂಗಡಿಯಲ್ಲಿ ಒಬ್ಬೊಬ್ಬ ಟೈಲರಿಗೂ ಒಂದೊಂದು ಬಣ್ಣದ ದಾರ, ಅವಳದು ಕೆಂಪು. ಪ್ರತಿ ಪರದೆಯ ಕೆಳಮೂಲೆಯಲ್ಲೂ ಮೂರು ಕೆಂಪು ಹೊಲಿಗೆ.

ನೋವು ಶುರುವಾಗಿ ಅದೇ ವಾರ್ಡಿನ ಹೆರಿಗೆ ಮೇಜಿನ ಮೇಲೆ ಮಲಗಿದಾಗ ಅವಳ ಕಣ್ಣು ಮೊದಲು ಹುಡುಕಿದ್ದು ಆ ಕೆಂಪನ್ನು. ಮೇಲೆ ಕಂಬಿಯಿತ್ತು, ಕಂಬಿಯಲ್ಲಿ ಬಳೆಗಳಿದ್ದವು, ಪರದೆ ಇರಲಿಲ್ಲ. ಅವಳ ಕಾಲು ಬಾಗಿಲ ಕಡೆಗಿತ್ತು, ಬಾಗಿಲು ಹಾರುಹೊಡೆದಿತ್ತು. ಬಲ್ಬು ಬದಲಿಸುವವನು ಏಣಿ ಹೊತ್ತು ಬಂದ. ಐದಾರು ವಿದ್ಯಾರ್ಥಿಗಳು ಪುಸ್ತಕ ಹಿಡಿದು ಸಾಲಾಗಿ ನಿಂತರು.

"ಸಿಸ್ಟರ್, ಪರದೆ ಹಾಕಿ..."

"ಹೊಸಾದು, ಕೊಳೆಯಾಗುತ್ತೆ ಅಂತ ಬೀರುವಿನಲ್ಲಿಟ್ಟಿದೀನಿ. ನಿಂದೇನು ಬಂಗಾರದ ಮೈಯಾ? ಮುಕ್ಕು!" ಎಂದಳು ದೊಡ್ಡ ಸಿಸ್ಟರ್. ವಾರ್ಡಿನ ಬೀಗದಕೈಗಳೆಲ್ಲ ಅವಳ ಸೊಂಟದಲ್ಲಿದ್ದವು.

ಇವಳು ಕಿರುಚಿದಳು. ತೊಡೆಯ ಮೇಲೆ ಛಟೀರೆಂದು ಏಟು ಬಿತ್ತು. "ಒಂಬತ್ತು ತಿಂಗಳ ಹಿಂದೆ ಹೀಗೆ ಕಿರುಚಿದ್ದಿದ್ರೆ ಇವತ್ತಿಲ್ಲಿ ಬರ್ತಾನೇ ಇರ್ಲಿಲ್ಲ, ಬಾಯಿಬಡುಕಿ!" ಏಣಿಯ ಮೇಲಿದ್ದವನೂ ನಕ್ಕ.

ಮಗು ಬಂದ ಮೇಲೆ ಹೊಲಿಗೆ. ಜೋಮು ಹಿಡಿಸುವ ಇಂಜೆಕ್ಷನ್ ಕೊಡಲಿಲ್ಲ. "ಮೂರೇ ಮೂರು ಹೊಲಿಗೆ, ಅದಕ್ಯಾಕೆ?" ಎಂದಳು ಸಿಸ್ಟರ್. ಜೀವಮಾನವೆಲ್ಲ ಸೂಜಿ ಹಿಡಿದವಳಿಗೆ ಎಣಿಸದೆ ಇರಲಾಗಲಿಲ್ಲ. ಒಂಬತ್ತು. ಬಟ್ಟೆಯನ್ನಾದರೂ ಹೊಲಿಯುವ ಮೊದಲು ಒಮ್ಮೆ ಕೈಯಿಂದ ಸವರುತ್ತಾರೆ ಎಂದುಕೊಂಡಳು.

ಹೆಣ್ಣು ಮಗು. ತೂಕ ಕಡಿಮೆಯೆಂದು ಬೆಚ್ಚಗಿನ ಗಾಜಿನ ಕೋಣೆಯಲ್ಲಿಟ್ಟರು. ಅದರ ಬೀಗದಕೈಯೂ ಆ ಸೊಂಟದಲ್ಲೇ. ಹೇಳಿದ ಹಾಗೆ ಕೇಳಿದ ತಾಯಂದಿರಿಗೆ ಹೊತ್ತುಹೊತ್ತಿಗೆ ಮಗು ಬರುತ್ತಿತ್ತು. ಬಾಯಿಬಡುಕಿಗೆ ಎರಡು ದಿನವೂ ಒಂದೇ ಉತ್ತರ: "ನಾಳೆ ನೋಡೋಣ." ಎದೆಹಾಲು ಕಟ್ಟಿ ಕಲ್ಲಾಯಿತು.

"ಸುಮ್ನಿರೇ," ಎಂದಳು ನೋಡಲು ಬಂದ ಅಮ್ಮ. "ಹೆರೋವಾಗ ಇದೆಲ್ಲ ಇದ್ದದ್ದೇ. ಮೊದ್ಲು ಮಗು ಕೈಗೆ ಬರ್ಲಿ."

"ನಿಂಗೂ ಹೊಡೆದಿದ್ರೇನಮ್ಮ?"

ಅಮ್ಮ ತಂದಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

ಮೂರನೆಯ ದಿನ ಬೆಳಿಗ್ಗೆ ಬೀರು ತೆರೆಯಿತು. ಎಂಟು ಪರದೆಗಳೂ ಕಂಬಿಗೇರಿದವು. ಸ್ವಲ್ಪ ಹೊತ್ತಿಗೆ ತಪಾಸಣೆಯ ಅಧಿಕಾರಿ ಬಂದರು, ಫೈಲು ಹಿಡಿದ ನಡುವಯಸ್ಸಿನ ಹೆಂಗಸು. ಇವಳ ಮಂಚದ ಬಳಿ ನಿಂತರು.

"ಹೆರಿಗೆ ಟೈಮಲ್ಲಿ ಚೆನ್ನಾಗಿ ನೋಡ್ಕೊಂಡ್ರೇನಮ್ಮ? ಪರದೆ ಗಿರದೆ ಹಾಕಿದ್ರಾ?"

ಅವರ ಬೆನ್ನ ಹಿಂದೆ ದೊಡ್ಡ ಸಿಸ್ಟರ್ ನಿಂತಿದ್ದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು. ಇನ್ನೂ ಮುಂದೆ ಚಾಚಿರಲಿಲ್ಲ.

ಮಡಿಕೆ ನೋಡಿ ಮೇಡಂ, ಅಂಗಡಿಯಲ್ಲಿ ನಾನು ಮಡಿಸಿದ ಗೆರೆ ಇನ್ನೂ ಮಾಸಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಟ್ಟೆಯೊಳಗೆ ಮಗು ಆಕಳಿಸಿತು.

"ಹಾಕಿದ್ರು ಮೇಡಂ. ಚೆನ್ನಾಗಿ ನೋಡ್ಕೊಂಡ್ರು."

ಫೈಲಿನಲ್ಲಿ ಗುರುತು ಬಿತ್ತು. ಮಗು ಮಡಿಲಿಗೆ ಬಂತು. "ಜಾಣೆ," ಎಂದಳು ಸಿಸ್ಟರ್, ಕೆನ್ನೆ ತಟ್ಟಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವಳ ಮಾನಕ್ಕೆ ಸಿಕ್ಕಿದ್ದು ಅವಳದೇ ಮಗು.

ಮಧ್ಯಾಹ್ನ ಅಧಿಕಾರಿಯ ಕಾರು ಗೇಟು ದಾಟಿತು. ಪರದೆಗಳು ಇಳಿದವು, ಅದೇ ಗೆರೆಗಳ ಮೇಲೆ ಮಡಿಸಿಕೊಂಡು ಬೀರು ಸೇರಿದವು. ಸಂಜೆಯಾಗುವ ಮೊದಲೇ ಚಿಕ್ಕ ವಯಸ್ಸಿನ ಒಬ್ಬಳನ್ನು ಅದೇ ಮೇಜಿನ ಮೇಲೆ ಮಲಗಿಸಿದರು, ಕಾಲು ಬಾಗಿಲ ಕಡೆಗೆ. ನೋವಿಗೆ ಕಿರುಚುತ್ತ ಅವಳು ಒಮ್ಮೆ ಬಾಗಿಲನ್ನು, ಒಮ್ಮೆ ಇವಳನ್ನು ನೋಡಿದಳು. "ಅಕ್ಕಾ..." ಎಂದಳು.

ಇವಳು ಹೊದ್ದಿದ್ದ ದುಪ್ಪಟಿ ಎಳೆದುಕೊಂಡು ಮಂಚದಿಂದ ಇಳಿದಳು. ಅದನ್ನು ಪರದೆಯ ಹಾಗೆ ಹಿಡಿಯಲು ಎರಡು ಕೈ ಬೇಕು. ಒಂದರಲ್ಲಿ ಮಗುವಿತ್ತು. ಮಂಚದ ಮೇಲಿಟ್ಟ ಮಗುವನ್ನು ಯಾರಾದರೂ ಎತ್ತಿಕೊಂಡು ಹೋಗಬಹುದು. ಇವಳು ದುಪ್ಪಟಿಯ ಒಂದು ತುದಿಯನ್ನು ಹಲ್ಲಿನಿಂದ ಎಳೆದು ಸಲೈನ್ ಸ್ಟ್ಯಾಂಡಿಗೆ ಗಂಟು ಹಾಕಿದಳು. ಸ್ಟ್ಯಾಂಡನ್ನು ಮೇಜಿನ ಕಾಲ್ದೆಸೆಯ ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ತುದಿಯನ್ನು ಮುಷ್ಟಿಯಲ್ಲಿ ಎತ್ತಿಹಿಡಿದು ಬಾಗಿಲಿಗೆ ಅಡ್ಡವಾಗಿ ಈ ಪಕ್ಕದಲ್ಲಿ ನಿಂತಳು. ತೊಡೆಯ ಒಳಬದಿಯಲ್ಲಿ ಬಿಸಿಯಾಗಿ ಏನೋ ಇಳಿಯಿತು.

"ಏ ಬಾಯಿಬಡುಕಿ, ಹೋಗಿ ಮಲ್ಕೋ. ಹೊಲಿಗೆ ಬಿಟ್ಕೊಳ್ಳುತ್ತೆ."

"ಒಂಬತ್ತಿವೆ ಸಿಸ್ಟರ್. ನೀವು ಮೂರು ಅಂದಿದ್ರಿ."

ಸಿಸ್ಟರ್ ಕೈ ಚಾಚಿದಳು. "ಮಗೂನ ಇತ್ಲಾಗೆ ಕೊಡು."

ಕೊಡಲಿಲ್ಲ. ಮಗುವನ್ನು ಹಿಡಿದ ತೋಳು ಬಿಗಿಯಾಯಿತು. ದುಪ್ಪಟಿ ಹಿಡಿದ ತೋಳು ಇಳಿಯಲಿಲ್ಲ.

ಮೇಜಿನ ಮೇಲಿದ್ದವಳು ಕಿರುಚುವುದನ್ನು ನಿಲ್ಲಿಸಲಿಲ್ಲ. ಬಾಗಿಲ ಕಡೆ ನೋಡುವುದನ್ನು ಮಾತ್ರ ನಿಲ್ಲಿಸಿದಳು.