ಕದಿರಮ್ಮನ ಬದಲಿ

ಸುನಂದ ಬೆಂಕಿಕಡ್ಡಿ ಗೀರಿದಳು, ಆರಿಸಿದಳು, ಮತ್ತೆ ಗೀರಿದಳು. ಹಿಂದಿನ ಬೀದಿಯಲ್ಲಿ ಕದಿರಮ್ಮನ ಹೆಣ ಇನ್ನೂ ಎತ್ತಿರಲಿಲ್ಲ. ಹೆಣ ಎತ್ತುವ ತನಕ ಊರಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಆದರೆ ಶಾಲೆಯ ಮಕ್ಕಳ ಹೊಟ್ಟೆ ಕೇಳಬೇಕಲ್ಲ.

ಇಬ್ಬರೂ ಈ ಬಿಸಿಯೂಟದ ಕೋಣೆಯಲ್ಲೇ ತಲೆ ನರೆಸಿಕೊಂಡವರು. ನಿನ್ನೆ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಹೋದ ಕದಿರಮ್ಮ ಸಂಜೆ ಎದೆನೋವೆಂದು ಮಲಗಿದವಳು ಏಳಲಿಲ್ಲ.

"ಸಾರ್, ಮಣ್ಣಿಗೆ ಹೋಗ್ಬೇಕು," ಎಂದಳು ಸುನಂದ.

ಹೆಡ್‌ಮೇಷ್ಟ್ರು ಶಿವಕುಮಾರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗಮ್ಮ, ಯಾರು ಬೇಡ ಅಂದ್ರು? ಬದಲಿಗೆ ಒಬ್ಬರನ್ನ ಕೊಟ್ಟು ಹೋಗು. ಊಟ ತಪ್ಪಿದ್ರೆ ನಾನು ಉತ್ತರ ಹೇಳ್ಬೇಕು."

"ಹಳೇ ಮೇಷ್ಟ್ರು ತೀರ್ಕೊಂಡಾಗ ಸ್ಕೂಲಿಗೇ ರಜೆ ಕೊಟ್ರಲ್ಲ ಸಾರ್."

"ಅವರು ನೌಕರರಮ್ಮ. ನಿಮ್ಮದು ಗೌರವಧನ."

ಗೌರವಕ್ಕೇನೂ ಕೊರತೆಯಿಲ್ಲ, ರಜೆ ಮಾತ್ರ ಇಲ್ಲ. ಬದಲಿಗೆ ಯಾರನ್ನು ಕರೆಯುವುದು? ಊರಿಗೆ ಊರೇ ಸಾವಿನ ಮನೆಯಲ್ಲಿತ್ತು.

*

ಗಂಡ ಸತ್ತ ದಿನವೂ ಸುನಂದ ಇದೇ ಚಿಂತೆಯಲ್ಲಿ ಕೂತಿದ್ದಳು. ಕದಿರಮ್ಮ ಗದರಿದ್ದಳು. "ಗಂಡನ್ನ ಮುಂದಿಟ್ಕೊಂಡು ಅಕ್ಕಿ ಚಿಂತೆ ಮಾಡ್ತೀಯಲ್ಲೇ. ತಿಥಿ ಮುಗಿಯೋಗಂಟ ಆ ಕಡೆ ತಲೆ ಹಾಕ್ಬೇಡ."

ಅಷ್ಟೂ ದಿನ ಒಬ್ಬಳೇ ಬೇಯಿಸಿದಳು. ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡು, ಬಟ್ಟೆ ಸುತ್ತಿಕೊಂಡೇ ಬಡಿಸಿದಳು. ಸುನಂದ ಆ ಕೈ ನೋಡಿ ಅತ್ತರೆ ನಕ್ಕುಬಿಟ್ಟಳು.

"ನಮಗೆಲ್ಲೈತೆ ರಜೆ? ನಿಂಗೆ ನಾನೇ ರಜೆ, ನಂಗೆ ನೀನೇ ರಜೆ ಕಣೇ."

*

ತಮಟೆ ಸದ್ದು ಹತ್ತಿರವಾಯಿತು. ಅನ್ನ ಆಗಿತ್ತು, ಸಾರು ಕುದಿಯುತ್ತಿತ್ತು. ದಾರಿ ನಡುವೆ ಒಮ್ಮೆ ಚಟ್ಟ ಇಳಿಸಿ ದಿಕ್ಕು ತಿರುಗಿಸುವುದು ವಾಡಿಕೆ. ಹೊತ್ತವರು ಶಾಲೆಯ ಗೇಟಿನ ಮುಂದೆಯೇ ಇಳಿಸಿದರು.

"ಚಿಕ್ಕಮ್ಮ," ಕದಿರಮ್ಮನ ಮಗಳು ಗಂಗಾಲಕ್ಷ್ಮಿ ಗೇಟು ಹಿಡಿದು ಕರೆದಳು. "ಅಮ್ಮ ಬಂದವ್ಳೆ."

ಸುನಂದಳಿಗೆ ದುಃಖ ಒತ್ತರಿಸಿ ಬಂತು. ಕದಿರಮ್ಮನಿಗೆ ಒಂದು ಹಿಡಿ ಮಣ್ಣು ಹಾಕದಿದ್ದರೆ ತಾನು ಇದ್ದೂ ಸತ್ತ ಹಾಗೆ ಅನ್ನಿಸಿತು. ಸೌಟು ಹಿಡಿದೇ ಹೊರಗೆ ಬಂದಳು. ಮೇಷ್ಟ್ರು ಜಗುಲಿಯಲ್ಲಿ ನಿಂತಿದ್ದರು.

"ಬದಲಿ ಯಾರಮ್ಮ?"

ಸುನಂದ ಚಟ್ಟದ ಕಡೆ ಕೈ ತೋರಿಸಿದಳು. "ಅಗೋ, ಮಲಗವ್ಳಲ್ಲ ಸಾರ್. ಇಷ್ಟು ವರ್ಷ ನಂಗೆ ಅವಳೇ ಬದಲಿ."

ಸುನಂದ ಸೌಟನ್ನು ಮೇಷ್ಟ್ರ ಕೈಗೆ ಕೊಟ್ಟಳು. "ತಳ ಹಿಡೀದಂಗೆ ತಿರುವ್ತಾ ಇರಿ."

ಚಟ್ಟ ಮತ್ತೆ ಹೆಗಲೇರಿತು. ಗೇಟು ದಾಟಿದ ಮೇಲೆ ಸುನಂದ ಒಮ್ಮೆ ತಿರುಗಿ ನೋಡಿದಳು. ಅಡುಗೆಕೋಣೆಯ ಬಾಗಿಲಲ್ಲಿ ಮೇಷ್ಟ್ರು ಕಾಣುತ್ತಿದ್ದರು. ಇಸ್ತ್ರಿ ಅಂಗಿಯ ತೋಳು ಮಡಚಿ, ಎರಡೂ ಕೈಯಲ್ಲಿ ಸೌಟು ಹಿಡಿದು ಸಾರು ತಿರುವುತ್ತಿದ್ದರು. ಕನ್ನಡಕದ ತುಂಬ ಹಬೆ ಕವಿದಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.