ನಾಲ್ಕನೆಯ ವಿವಿಯೆನ್

ನಾನು ಮೂರನೆಯ ವಿವಿಯೆನ್. ನನ್ನ ಸ್ವಂತ ಹೆಸರು ಓಪಲ್, ನೆಬ್ರಾಸ್ಕಾದ ಟಿಂಗ್‌ಸ್ಟಾಡ್ ಮನೆಯವಳು. ಆದರೆ ಆ ಹೆಸರಿಟ್ಟು ಕರೆಯುವವರು ಆಗ ಯಾರೂ ಇರಲಿಲ್ಲ. ನನ್ನ ಗಂಡ ಲೈಲ್ ಯುದ್ಧದ ಕಾಲದ ಹಳೇ ವಿಮಾನ ಹಾರಿಸುತ್ತಿದ್ದ, ನಾನು ಆಕಾಶದಲ್ಲಿ ಅದರ ರೆಕ್ಕೆಯ ಮೇಲೆ ನಡೆಯುತ್ತಿದ್ದೆ. ಊರೂರಿಗೆ ಹೋಗುವುದು, ಯಾರದೋ ಹೊಲದಲ್ಲಿ ಇಳಿಯುವುದು, ಮಧ್ಯಾಹ್ನ ಆಟ ತೋರಿಸಿ ಅದೇ ರೆಕ್ಕೆಯ ಕೆಳಗೆ ಹಾಸಿಕೊಂಡು ಮಲಗುವುದು. ಜೊತೆಗೆ ಓಟಿಸ್ ಎಂಬ ಮೆಕ್ಯಾನಿಕ್ ಇದ್ದ. ಎಂಜಿನ್ ರಿಪೇರಿ ಅವನದೇ, ತಗಡಿನ ಕಹಳೆ ಹಿಡಿದು ಜನರೆದುರು ಕೂಗಿ ಹೇಳುವುದೂ ಅವನದೇ.

ಲೈಲ್ ಈ ಕಸುಬು ಶುರು ಮಾಡಿದಾಗ ಗಾಡಿ ತುಂಬ ಪೋಸ್ಟರ್ ಅಚ್ಚು ಹಾಕಿಸಿದ್ದ. ಕೆಂಪು ಕೂದಲಿನ ಹೆಣ್ಣೊಬ್ಬಳು ರೆಕ್ಕೆಯ ತುದಿಯಲ್ಲಿ ನಿಂತು ನಗುವ ಚಿತ್ರ, ಕೆಳಗೆ ‘ಎಂದೂ ಬೀಳದ ವಿವಿಯೆನ್’. ಚಿತ್ರದಲ್ಲಿದ್ದವಳು ಮಿಸೂರಿಯಲ್ಲಿ ಬಿದ್ದು ಸತ್ತಳು. ಪೋಸ್ಟರ್‌ಗಳು ರಾಶಿ ಉಳಿದಿದ್ದವು, ಹಾಗಾಗಿ ಎರಡನೆಯವಳಿಗೂ ಅದೇ ಹೆಸರು, ಅದೇ ಕೂದಲಿನ ಬಣ್ಣ, ಅದೇ ಬಿಳಿ ಬೂಟು. ಅವಳ ಸೊಂಟ ಮುರಿಯಿತು. ಇಬ್ಬರೂ ಬಿದ್ದದ್ದು ಅಭ್ಯಾಸದ ಹೊತ್ತಿನಲ್ಲಿ, ನೋಡಿದವರಿಲ್ಲ. ಆಮೇಲೆ ನಾನು ಬಂದೆ. ತಲೆಗೆ ಗೋರಂಟಿ ಮೆತ್ತಿಕೊಂಡೆ, ಬೂಟು ದೊಡ್ಡದಾಯಿತೆಂದು ಒಳಗೆ ಕಾಗದ ತುರುಕಿಕೊಂಡೆ. ನಮ್ಮವರಲ್ಲಿ ಇದನ್ನು ಮೋಸ ಎನ್ನುವುದಿಲ್ಲ, ಎಲ್ಲ ತಂಡಗಳೂ ಮಾಡುತ್ತವೆ. ಐದು ವರ್ಷದ ಹಿಂದೆ ನಿನ್ನನ್ನು ನೋಡಿದ್ದೆ ತಾಯಿ, ಒಂಚೂರೂ ವಯಸ್ಸಾಗಿಲ್ಲವಲ್ಲ ಎಂದು ಅಜ್ಜಂದಿರು ನನ್ನ ಕೈ ಕುಲುಕುತ್ತಿದ್ದರು. ನಾನು ಸತ್ತವಳ ಪರವಾಗಿ ನಗುತ್ತಿದ್ದೆ.

ಆ ಬೇಸಿಗೆ ಕನ್ಸಾಸ್‌ನ ಗೋಧಿ ಕೊಯ್ಲು ಮುಗಿದ ಹೊತ್ತಿಗೆ ನಾನು ಬಸುರಿ. ಮೂರು ತಿಂಗಳು ಕಳೆದಿತ್ತು. ಲೈಲ್‌ಗೆ ಹೇಳಿದೆ. ಅವನು ಕೆಟ್ಟವನಲ್ಲ, ಖುಷಿಯಿಂದ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಕೆಳಗಿಳಿಸುವಾಗಲೇ ಅವನ ಕಣ್ಣು ಪೋಸ್ಟರ್ ಕಟ್ಟಿನ ಕಡೆ ಹೋಗಿದ್ದನ್ನು ನಾನು ನೋಡಿದೆ. ಹಾಗಾದರೆ ಇನ್ನೊಬ್ಬಳನ್ನು ಹುಡುಕಬೇಕು ಎಂದ. ವಿಮಾನದಲ್ಲಿ ಬರೀ ಜನರನ್ನು ಕೂರಿಸಿಕೊಂಡು ಸುತ್ತಿಸೋಣ, ಆಟವನ್ನೇ ಬಿಟ್ಟುಬಿಡೋಣ ಎಂದೆ. ಅದು ಅವನ ಕಿವಿಗೇ ಬೀಳಲಿಲ್ಲ.

ಹುಡುಕುವುದೇನು ಬಂತು, ಅವಳೇ ಬಂದಳು. ನಾವು ಬೀಡುಬಿಟ್ಟಿದ್ದ ಊರಿನ ಹೋಟೆಲಿನಲ್ಲಿ ಕಾಫಿ, ಆಪಲ್ ಪೈ ತಂದಿಡುತ್ತಿದ್ದ ಹುಡುಗಿ, ನೆಟ್ಟಿ ಸೆಡ್ಲಾಚೆಕ್. ಹದಿನೆಂಟು ತುಂಬಿತ್ತೋ ಇಲ್ಲವೋ. ಕೆಲಸ ಬಿಟ್ಟು ನೇರ ಹೊಲಕ್ಕೆ ಬಂದು, ನನ್ನನ್ನೂ ಕರಕೊಂಡು ಹೋಗಿ ಎಂದಳು. ಲೈಲ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಬೂಟು ಕೊಡು ವಿವ್ ಎಂದ. ಅವಳು ಹಾಕಿಕೊಂಡಳು. ಕಾಗದ ಬೇಕಾಗಲಿಲ್ಲ, ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಅಷ್ಟು ಸರಿಯಾಗಿ ಆ ಬೂಟು ಕೂತಿದ್ದದ್ದು ಮೊದಲನೆಯವಳಿಗೆ ಮಾತ್ರ ಎಂದು ಓಟಿಸ್ ಮೆಲ್ಲಗೆ ಅಂದ.

ನಿಂತ ವಿಮಾನದ ಮೇಲೆ ಅವಳಿಗೆ ರೆಕ್ಕೆಗಳ ನಡುವೆ ಬಿಗಿದ ತಂತಿ ಹಿಡಿಯುವುದು, ಕಾಲಿಡುವುದು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಹೆದರುತ್ತಲೇ ಇರಲಿಲ್ಲ, ನನಗೆ ಭಯ ಹುಟ್ಟಿಸಿದ್ದೇ ಅದು. ಕಲಿಸಲ್ಲ ಎಂದು ಲೈಲ್‌ಗೆ ಹೇಳಿದರೆ, ಬೇಡ ಬಿಡು, ಮುಂದಿನ ವಾರ ಹಾಗೇ ಹತ್ತಿಸ್ತೀನಿ, ಗಾಳಿಯೇ ಕಲಿಸುತ್ತೆ ಎಂದ. ಅವನಿಗೆ ನಾನು ಕೊಟ್ಟ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಾನು ಹತ್ತಿದರೆ ನನ್ನ ಮಗು, ಇಳಿದರೆ ಆ ಹುಡುಗಿ. ನಡುವೆ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ.

ಶನಿವಾರ ಕೌಂಟಿ ಮೇಳ. ಸಾವಿರಾರು ಜನ, ಪತ್ರಿಕೆಯವರು, ಬ್ಯಾಂಡು. ನಾನು ಹತ್ತುವ ಕೊನೆಯ ಆಟ. ನಮ್ಮದೊಂದು ತಂತ್ರವಿತ್ತು. ವಿಮಾನ ನದಿಯಂಚಿನ ಮರಗಳ ಮರೆಗೆ ಹೋದಾಗ ನಾನು ರೆಕ್ಕೆಯಿಂದ ಬಂದು ಮುಂದಿನ ಸೀಟಿನ ಗೂಡಿನಲ್ಲಿ ಅಡಗುತ್ತಿದ್ದೆ. ಮರೆಯಿಂದ ಹೊರಬಂದ ಕೂಡಲೇ ನನ್ನಂತೆಯೇ ಬಟ್ಟೆ ತೊಡಿಸಿದ ಹುಲ್ಲಿನ ಬೊಂಬೆಯನ್ನು ನದಿಗೆ ಎಸೆಯುತ್ತಿದ್ದೆ. ಕೆಳಗೆ ಹೆಂಗಸರು ಚೀರುತ್ತಿದ್ದರು. ಒಂದು ಸುತ್ತು ಕಳೆದು ನಾನು ಎದ್ದು ನಿಂತು ಕೈಬೀಸಿದರೆ ಸತ್ತವಳು ಬಂದಳೆಂದು ಕುಣಿಯುತ್ತಿದ್ದರು.

ಈ ಸಲ ಏಳಬಾರದು ಎಂದು ನಿಶ್ಚಯಿಸಿದೆ. ಎಲ್ಲರ ಕಣ್ಣೆದುರೇ ವಿವಿಯೆನ್ ಬಿದ್ದು ಸತ್ತರೆ, ಪತ್ರಿಕೆಗಳಲ್ಲಿ ಬಂದರೆ, ಆ ಪೋಸ್ಟರ್ ಒಲೆಗೆ ಹಾಕುವುದಕ್ಕಷ್ಟೇ ಲಾಯಕ್ಕು. ಆಮೇಲೆ ನೆಟ್ಟಿ ಯಾವ ಹೆಸರಿನಲ್ಲಿ ಹತ್ತುತ್ತಾಳೆ? ಜನ ನದಿಗೆ ಓಡುವಾಗ ನಾನು ಪಕ್ಕದ ಜೋಳದ ಹೊಲಕ್ಕೆ ನುಗ್ಗಿ, ಕೂದಲು ಕತ್ತರಿಸಿಕೊಂಡು, ಮುಂದಿನ ಊರಿನಲ್ಲಿ ಗಂಡನಿಗಾಗಿ ಕಾಯುವುದು. ಲೈಲ್‌ನನ್ನು ಬಿಡುವ ಯೋಚನೆ ನನಗಿರಲಿಲ್ಲ. ವಿವಿಯೆನ್‌ಳನ್ನು ಬಿಡಬೇಕಿತ್ತು. ಜನ ನಂಬಬೇಕು, ನೀರಿನಲ್ಲಿ ಏನಾದರೂ ಸಿಗಬೇಕು ಎಂದು ಗೂಡಿನೊಳಗೆ ಕೂತು ಬೂಟು ಕಳಚಿ ಬೊಂಬೆಯ ಕಾಲಿಗೆ ಬಿಗಿದೆ. ಎಸೆದೆ.

ಲೈಲ್ ಒಂದು ಸುತ್ತು ಹೊಡೆದ. ನಾನು ಏಳಲಿಲ್ಲ. ಇನ್ನೊಂದು ಸುತ್ತು. ಹಿಂದಿನ ಸೀಟಿನಿಂದ ಅವನು ಮುಷ್ಟಿಯಲ್ಲಿ ತಗಡು ಗುದ್ದುತ್ತಿದ್ದ, ಏನೋ ಅರಚುತ್ತಿದ್ದ. ನಾನು ಮೊಣಕಾಲನ್ನು ಹೊಟ್ಟೆಗೊತ್ತಿಕೊಂಡು, ಪೆಟ್ರೋಲ್ ವಾಸನೆಯ ಆ ಗೂಡಿನಲ್ಲಿ ಮುದುಡಿ ಕೂತೆ. ಹೊರಗೆ ಅಷ್ಟು ದೊಡ್ಡ ಆಕಾಶ, ನನ್ನ ಪಾಲಿಗೆ ಒಂದು ಹಾಲಿನ ಡಬ್ಬಿಯಷ್ಟು ಜಾಗ. ಕೊನೆಗೆ ಅವನು ಹೊಲದ ಆಚೆ ತುದಿಯಲ್ಲಿ ಇಳಿಸಿದ. ಎಣಿಸಿದಂತೆ ಜನ ನದಿಯ ಕಡೆಗೇ ಓಡುತ್ತಿದ್ದರು. ನಾನು ಹಾರಿ ಓಡಿದೆ.

ಮೂರು ವರ್ಷ ಹೊಲಗಳಲ್ಲೇ ಬಾಳಿದವಳು, ಕೂಳೆಯನ್ನು ಮರೆತುಬಿಟ್ಟಿದ್ದೆ. ಕೊಯ್ದ ಗೋಧಿಯ ಬುಡಗಳು ಬರಿಗಾಲಿಗೆ ಮೊಳೆಯ ಹಾಗೆ ಚುಚ್ಚಿದವು. ನಾಲ್ಕು ಹೆಜ್ಜೆಗೆ ರಕ್ತ, ಇನ್ನೊಂದಿಷ್ಟು ದೂರಕ್ಕೆ ಕುಂಟು, ಜೋಳದ ಸಾಲು ಮುಟ್ಟುವ ಮೊದಲೇ ಬಿದ್ದೆ. ಟೋಪಿ ಹಾರಿ ಕೆಂಪು ಕೂದಲು ಹರಡಿತು. ಗಾಡಿಯ ಮೇಲೆ ನಿಂತಿದ್ದ ರೈತನೊಬ್ಬ ಅದನ್ನು ಕಂಡು ಕೂಗಿದ. ನದಿಗೆ ಓಡುತ್ತಿದ್ದ ಜನವೆಲ್ಲ ತಿರುಗಿ ನನ್ನತ್ತ ಬಂತು. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ನಾನು ಓಪಲ್, ವಿವಿಯೆನ್ ಸತ್ತಳು, ಬಿಡಿ ನನ್ನನ್ನು ಎಂದು ಅತ್ತೆ. ಅದೂ ಆಟವೇ ಎಂದು ಚಪ್ಪಾಳೆ ತಟ್ಟಿದರು. ಇಂಥ ಆಟ ಹುಟ್ಟಿದಾಗಿನಿಂದ ನೋಡಿಲ್ಲ ಎಂದರು. ಓಟಿಸ್ ಕಹಳೆ ಬಾಯಿಗಿಟ್ಟವನು ಕೂಗದೆ ಕೆಳಗಿಳಿಸಿದ.

ನೆಟ್ಟಿ ಜನರನ್ನು ಸೀಳಿಕೊಂಡು ಬಂದಳು. ಮುಖದ ಮೇಲೆ ಕಣ್ಣೀರು ಇನ್ನೂ ಹಸಿಯಾಗಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು.

“ನೀವು ಸತ್ತೇ ಹೋದ್ರಿ ಅಂತ ಅತ್ತೆ, ಮಿಸ್ ವಿವಿಯೆನ್. ಆಮೇಲೆ ನೋಡಿದ್ರೆ ಇಲ್ಲಿದ್ದೀರ. ಇದನ್ನೂ ನಂಗೆ ಕಲಿಸಿ.”

ಲೈಲ್ ಅವಳ ಹಿಂದೆಯೇ ನಿಂತಿದ್ದ. ಸಿಟ್ಟೆಲ್ಲ ಇಳಿದು ಕಣ್ಣು ಹೊಳೆಯುತ್ತಿತ್ತು. ಮುಂದಿನ ಊರಿನಲ್ಲಿ ಇದನ್ನೇ ಮಾಡೋಣ, ಹೊಸ ಬೂಟು ನೆಟ್ಟಿಯ ಅಳತೆಗೇ ಹೊಲಿಸಿದರಾಯಿತು ಎಂದ.

ನನ್ನ ಬಳಿ ಇನ್ನು ಉಳಿದಿದ್ದದ್ದು ನಾಲಿಗೆ ಒಂದೇ. ಜನರ ಹೆಗಲಿಂದ ಇಳಿದೆ. ಆ ಊರಿನವರೆಲ್ಲ, ಅವಳ ಓರಗೆಯವರೆಲ್ಲ ಕೇಳುವಂತೆ ಮಾತಾಡಿದೆ.

“ನಿಂಗಾ? ಕಾಫಿ ಲೋಟ ಹಿಡಿದ್ರೇ ಅರ್ಧ ತಟ್ಟೆಗೆ ಚೆಲ್ತೀಯ. ಕೊರಡಿನ ಹಾಗೆ ಕಾಲು, ಹಸು ಹಿಂಡೋರ ಮಣಿಕಟ್ಟು. ನಿನ್ನನ್ನ ಹತ್ತಿಸಿದ್ರೆ ಜನ ನೋಡಕ್ಕಲ್ಲ ಕಣೇ, ನಗಕ್ಕೆ ಬರ್ತಾರೆ. ವಾರದಿಂದ ನಾವೂ ನಗ್ತಾನೇ ಇದ್ದೀವಿ, ಬೇಕಾದ್ರೆ ಇವರನ್ನ ಕೇಳು.”

ಒಂದಕ್ಷರವೂ ನಿಜವಲ್ಲ. ಅವಳು ಲೈಲ್‌ನನ್ನು ನೋಡಿದಳು. ಅವನು ಬಾಯಿ ತೆರೆಯುವುದರೊಳಗೆ ಓಟಿಸ್, ನಾನೇನೂ ಹೇಳಿಕೊಟ್ಟಿರದ ಓಟಿಸ್, ಜೋರಾಗಿ ನಕ್ಕುಬಿಟ್ಟ. ಅವನ ಹಿಂದೆ ಊರೆಲ್ಲ ನಕ್ಕಿತು. ಹುಡುಗಿಯ ಮುಖ ಸುಣ್ಣವಾಯಿತು.

“ನಿಂಗೆ ಹೊಟ್ಟೆಕಿಚ್ಚು, ಮುದಿ ಗೂಬೆ” ಎಂದಳು. ನನಗಾಗ ಇಪ್ಪತ್ತಾರು. ಅವಳು ತಿರುಗಿ ಓಡಿದಳು, ಹೋಟೆಲಿನ ಕಡೆಗೆ, ಗಟ್ಟಿ ನೆಲದ ಮೇಲೆ. ಇವತ್ತಿಗೂ ನನ್ನನ್ನು ಶಪಿಸುತ್ತಿರಬೇಕು. ಶಪಿಸಲಿ, ಅದಕ್ಕೆ ಬದುಕಿರಬೇಕಲ್ಲ.

ಎರಡು ದಿನ ಕಳೆದು ಲೈಲ್, ಹಾಗಾದರೆ ಯಾರು ಹತ್ತುತ್ತಾರೆ ಎಂದು ಕೇಳಿದ. ನಾನು ಬೀಳದಂತೆ ಬಿಗಿದುಕೊಳ್ಳುವ ಹಗ್ಗವನ್ನು ಸೊಂಟದ ಬದಲು ಎದೆಗೆ ಕಟ್ಟಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅವನು ನೋಡಿದ, ಗಂಟನ್ನು ಇನ್ನೊಮ್ಮೆ ಬಿಗಿದ.

ಮುಂದಿನ ಊರು ಒಕ್ಲಹಾಮಾದಲ್ಲಿ. ಪಟ್ಟಿ ಸುತ್ತಿದ ಬರಿಗಾಲಲ್ಲಿ ಹತ್ತಿದೆ. ರೆಕ್ಕೆಯ ತುದಿ ಮುಟ್ಟಿ ಎರಡೂ ಕೈಯಲ್ಲಿ ತಂತಿ ಹಿಡಿದು ನಿಂತಾಗ ಕೆಳಗಿನವರು ತಲೆಯೆತ್ತಿ ವಿವಿಯೆನ್, ವಿವಿಯೆನ್ ಎಂದು ಬಾಯಿ ಬಿಡುವುದು ಕಾಣುತ್ತಿತ್ತು. ಆಗ ಹೊಟ್ಟೆಯೊಳಗೆ ಮೊದಲ ಸಲ ಏನೋ ಮಿಸುಕಿತು. ಕೈ ಬಿಟ್ಟು ಮುಟ್ಟಿ ನೋಡುವ ಹಾಗಿರಲಿಲ್ಲ.

ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯದಿಂದ ಗಂಟಲು ಹರಿಯುವಂತೆ ಕೂಗಿ ಅದಕ್ಕೆ ಹೇಳಿದೆ. ನನ್ನ ಹೆಸರು ಓಪಲ್.