ತೊಳೆಯದ ಬೇರು

ನಮ್ಮ ಮಣ್ಣಿನ ಪ್ರಯೋಗಾಲಯದ ಮುಖ್ಯಸ್ಥರಿಗೆ ಮಣ್ಣು ಕಂಡರಾಗದು. ಬಾಗಿಲ ಹಿಡಿಯನ್ನು ಕರವಸ್ತ್ರದಲ್ಲಿ ಹಿಡಿಯುತ್ತಾರೆ, ಹೊಲದಿಂದ ಬಂದ ಚೀಲಗಳನ್ನು ಬೇಡದ ನೆಂಟರಂತೆ ದೂರದಿಂದಲೇ ವಿಚಾರಿಸಿಕೊಳ್ಳುತ್ತಾರೆ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುವುದು ತೊಳೆಯಪ್ಪ ಎಂದು. ಬೇರನ್ನು ಕಿತ್ತ ತಕ್ಷಣ ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವ ತನಕ ತಿಕ್ಕಿ, ಆಮೇಲೆ ಒಣಗಿಸಿ ತೂಗಬೇಕೆಂಬುದು ಅವರ ಕಟ್ಟಪ್ಪಣೆ. ಇಲ್ಲಿ ವಿಜ್ಞಾನ ನಡೆಯುತ್ತದೋ ಇಲ್ಲವೋ, ಪಾತ್ರೆ ತೊಳೆಯುವ ಕೆಲಸವಂತೂ ಸಾಂಗವಾಗಿ ನಡೆಯುತ್ತದೆ.

ಅಲ್ಲಿ ನಾನು ಸಂಶೋಧಕಿ. ಬೇರು ಗಿಡವನ್ನು ಹಿಡಿದುಕೊಂಡು ಸುಮ್ಮನೆ ಕೂತಿರುವುದಿಲ್ಲ, ಹುಳಿ ರಸ ಬಿಟ್ಟು ಕಲ್ಲಿನ ಕಣವನ್ನೇ ಕರಗಿಸುತ್ತದೆ. ಹಾಗೆ ಬಿಡುಗಡೆಯಾದ ಕಬ್ಬಿಣ ಮಣ್ಣಿನ ಇಂಗಾಲವನ್ನು ಬಿಗಿಯಾಗಿ ಅಪ್ಪಿಕೊಂಡು ಗಾಳಿಗೆ ಹೋಗದಂತೆ ಕಾಯುತ್ತದೆ ಎಂಬುದು ನನ್ನ ವಾದ. ಬೆಳೆ ಬೆಳೆದಷ್ಟೂ ಇಂಗಾಲ ಜಮೆ. ಸಿಕ್ಕಸಿಕ್ಕವರ ಮುಂದೆಲ್ಲ ಇದನ್ನೇ ಕೊಚ್ಚಿಕೊಂಡಿದ್ದೆ. ನನ್ನ ಅತ್ತೆಯಂತೂ ತಮ್ಮ ತಂಗಿಯರಿಗೆಲ್ಲ ಫೋನು ಮಾಡಿ, ಸೊಸೆ ಆಕಾಶ ಗುಡಿಸುತ್ತಿದ್ದಾಳೆ ಎಂದು ಸಾರಿಬಿಟ್ಟಿದ್ದರು.

ಮೂರು ವರ್ಷ ಮರದ ಪೆಟ್ಟಿಗೆಗಳಲ್ಲಿ ಜೋಳ ಬೆಳೆಸಿದ ಮೇಲೆ ಬಂದ ಫಲಿತಾಂಶ ಸೊನ್ನೆ. ಇಂಗಾಲ ಹೆಚ್ಚಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಮುಂದಿನ ವಾರ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಬೇಡವೆಂದರೆ ಯೋಜನೆ ಬಂದ್, ನನ್ನ ಮೇಜು ಪಕ್ಕದ ನೀರು ಪರೀಕ್ಷೆಯವರ ಪಾಲು. ಅವರಾಗಲೇ ಟೇಪು ತಂದು ಮೇಜಿನ ಅಳತೆ ತೆಗೆದುಕೊಂಡು, ನನ್ನನ್ನು ನೋಡಿ ಕನಿಕರದಿಂದ ನಕ್ಕು ಹೋಗಿದ್ದರು.

ಉಳಿದ ಪೆಟ್ಟಿಗೆಗಳ ಬೇರು ತೊಳೆಯುತ್ತಿದ್ದಾಗ ಮೋರಿಗೆ ಇಳಿಯುತ್ತಿದ್ದ ಕೆಂಪು ನೀರು ಕಣ್ಣಿಗೆ ಬಿತ್ತು. ಬೇರು ರಸ ಬಿಡುವುದು ತನ್ನ ಮೈಗೆ ಅಂಟಿದ ಮಣ್ಣಿಗೆ. ನಾವು ಆ ಮಣ್ಣನ್ನೇ ಮೋರಿಗೆ ಬಿಟ್ಟು, ಪೆಟ್ಟಿಗೆಯ ಮೂಲೆಯ ಮಣ್ಣನ್ನು ವಿಚಾರಣೆ ಮಾಡುತ್ತಿದ್ದೆವು. ಕಳ್ಳತನವಾದದ್ದು ನಮ್ಮ ಅಡುಗೆಮನೆಯಲ್ಲಿ, ಪೊಲೀಸರು ಹೋದದ್ದು ಎದುರುಮನೆಗೆ.

"ಸರ್, ಇವನ್ನ ತೊಳೀದೆ ಬಿಡೋಣ. ಅಂಟಿರೋ ಮಣ್ಣನ್ನೇ ಅಳೀಬೇಕು," ಎಂದು ತೊಳೆಯಪ್ಪನವರಿಗೆ ಹೇಳಿದೆ.

"ನೋಡಮ್ಮ, ಇದು ಪ್ರಯೋಗಾಲಯ. ಕೊಳೆಗೆಲ್ಲ ಇಲ್ಲಿ ಜಾಗ ಇಲ್ಲ," ಎಂದರು ಮಣ್ಣಿನ ವಿಜ್ಞಾನಿ.

ಮರುದಿನ ಅವರು ಯಾವುದೋ ಸಭೆಗೆ ಹೋದರು. ನಾನು ಬಣ್ಣ ಬಳಿಯುವ ಕುಂಚ ಹಿಡಿದು, ಬೇರಿಗೆ ಅಂಟಿದ ಮಣ್ಣನ್ನು ಕಣ ಕಣವಾಗಿ ಉದುರಿಸಿ ಇಂಗಾಲ ಅಳೆಯುವ ಯಂತ್ರಕ್ಕೆ ಹಾಕಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಲ್ಲಿನ ಕಣಗಳು ನಿಜವಾಗಿಯೂ ಸವೆದು ಗುಳಿ ಬಿದ್ದಿದ್ದವು. ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಇಂಗಾಲದ ಅಂಕಿ ಬರುವವರೆಗೆ ಮಾತ್ರ. ಇಂಗಾಲ ಕಡಿಮೆಯಾಗಿತ್ತು.

ಅದೇ ಹುಳಿ ರಸ ಹಳೆಯ ಕಬ್ಬಿಣದ ಹಿಡಿತವನ್ನೂ ಸಡಿಲಿಸಿತ್ತು. ಎಷ್ಟೋ ಕಾಲದಿಂದ ಭದ್ರವಾಗಿದ್ದ ಇಂಗಾಲ ಹೊರಬಿದ್ದದ್ದೇ ತಡ, ಸೂಕ್ಷ್ಮಜೀವಿಗಳು ಅದನ್ನು ತಿಂದು ಗಾಳಿಗೆ ಬಿಟ್ಟಿದ್ದವು. ಕೂಡಿಡುತ್ತದೆ ಎಂದು ನಾನು ಹೊಗಳಿದ ಬೇರು ಇಟ್ಟ ಗಂಟನ್ನೂ ಬಿಚ್ಚಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಬೇರಿನ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ತೊಳೆಯಪ್ಪನವರಿಗೆ ಹೇಳಿದಾಗ ಅವರು ಬೈಯಲಿಲ್ಲ, ಅದೇ ಸಂಕಟ. "ಇದನ್ನ ಮರೆತುಬಿಡು. ಬದಲಾವಣೆ ಇಲ್ಲ ಅಂತ ಬರಿ. ಯಾರಿಗೂ ಬೇಜಾರಿಲ್ಲ. ಬೇರೆ ಯೋಜನೇಲಿ ಸೇರಿಸ್ತೀನಿ, ಮೇಜೂ ಉಳಿಯತ್ತೆ. ನೀನು ಹೇಳಿದ್ದೇ ತಪ್ಪು ಅಂತ ನೀನೇ ಹೋಗಿ ಡಂಗುರ ಹೊಡೀತೀಯಾ?"

ಸಮಿತಿಯ ಮುಂದೆ ನಿಂತಾಗ ತೊಳೆಯಪ್ಪನವರ ಮಾತು ನೂರಕ್ಕೆ ನೂರು ಸರಿ ಅನ್ನಿಸಿತು. ಗಾಜಿನ ತಟ್ಟೆಯಲ್ಲಿ ಅವರ ಬಿಳಿ ಬೇರುಗಳು ಒಪ್ಪವಾಗಿ ಕೂತಿದ್ದವು. ಆದರೂ ಪಕ್ಕದಲ್ಲಿ ನನ್ನ ಕೊಳಕು ಬೇರನ್ನಿಟ್ಟು, "ನಾನು ಹೇಳಿದ್ದು ತಪ್ಪು. ಇದು ಕಲ್ಲನ್ನ ಕರಗಿಸತ್ತೆ, ಆದ್ರೆ ಇದ್ದ ಇಂಗಾಲಾನೂ ಕಳೆಯತ್ತೆ," ಎಂದೆ. ನೀರು ಪರೀಕ್ಷೆಯವರು ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತರು.

ಅಧ್ಯಕ್ಷೆ ಕನ್ನಡಕ ಏರಿಸಿ ಎರಡೂ ಬೇರುಗಳನ್ನು ನೋಡಿದರು. "ಮೂರು ವರ್ಷ ತೊಳೆದ ಮಣ್ಣೆಲ್ಲಿ?"

"ಒಂದು ಚೂರೂ ಉಳಿಸಿಲ್ಲ ಮೇಡಂ," ಎಂದರು ತೊಳೆಯಪ್ಪ ಹೆಮ್ಮೆಯಿಂದ.

ಅಧ್ಯಕ್ಷೆ ಬಿಳಿ ಬೇರುಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ಎಷ್ಟು ಕಳೆಯತ್ತೆ, ಎಷ್ಟು ಉಳಿಸತ್ತೆ, ಎಂಥ ಮಣ್ಣಲ್ಲಿ? ಗೊತ್ತಾ?"

"ಗೊತ್ತಿಲ್ಲ."

"ಹಾಗಾದ್ರೆ ಇನ್ನೂ ಮೂರು ವರ್ಷ ಜೋಳ ಬೆಳೀರಿ."

ಈಗ ತೊಳೆಯಪ್ಪನವರು ಹೋದ ಸಭೆಯಲ್ಲೆಲ್ಲ, ಬೇರು ತೊಳೆಯುವುದು ಅವಿವೇಕ, ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ ಎಂದು ಭಾಷಣ ಮಾಡುತ್ತಾರೆ. ಅತ್ತೆ ತಂಗಿಯರ ಫೋನು ಎತ್ತುತ್ತಿಲ್ಲ. ನನಗೆ ನನ್ನ ಮೇಜಿದೆ, ನಾನು ಎಷ್ಟು ತಪ್ಪಿದ್ದೆ ಎಂದು ಕರಾರುವಾಕ್ಕಾಗಿ ಅಳೆಯುವ ಕೆಲಸವಿದೆ. ಇಷ್ಟು ಸಂತೋಷ ನನಗೆ ನಾನು ಸರಿ ಎಂದುಕೊಂಡಿದ್ದ ಕಾಲದಲ್ಲಿ ಒಂದು ದಿನವೂ ಆಗಿರಲಿಲ್ಲ.